ಐಟಿಸ್, ಎಕ್ಟಮಿ, ಸ್ಕೊಪಿ: ವೈದ್ಯಕೀಯ ಪದಗಳನ್ನು ಕೈಯಾರೆ ಕಟ್ಟಿ ಕಲಿಯುವ ಬಗೆ

ನಮ್ಮ ಮನೆಗಳಲ್ಲಿ ಕಾಯಿಲೆಯ ಮಾತು ಹೀಗೆ ನಡೆಯುತ್ತದೆ: ಮಾವನಿಗೆ ಗ್ಯಾಸ್ಟ್ರಿಕ್, ಅತ್ತೆಗೆ ಥೈರಾಯ್ಡ್, ಪಕ್ಕದ ಮನೆಯ ಹುಡುಗನಿಗೆ ಅಪೆಂಡಿಕ್ಸ್, ಮಗಳಿಗೆ ಟಾನ್ಸಿಲ್. ಇವುಗಳಲ್ಲಿ ಒಂದೂ ಕಾಯಿಲೆಯ ಹೆಸರಲ್ಲ. ಥೈರಾಯ್ಡ್, ಅಪೆಂಡಿಕ್ಸ್, ಟಾನ್ಸಿಲ್ ಎಲ್ಲರ ದೇಹದಲ್ಲೂ ಇರುವ ಭಾಗಗಳು. ಗ್ಯಾಸ್ಟ್ರಿಕ್ ಎಂದರೆ ‘ಜಠರಕ್ಕೆ ಸಂಬಂಧಿಸಿದ’ ಎಂಬ ವಿಶೇಷಣ, ಅಷ್ಟೇ. ಮನೆಮಾತಿನಲ್ಲಿ ಈ ರೂಢಿಯಿಂದ ಹೆಚ್ಚಿನ ತೊಂದರೆಯಿಲ್ಲ. ಆಸ್ಪತ್ರೆಯ ಕಡತದಲ್ಲಿ ಮಾತ್ರ ‘ಥೈರಾಯ್ಡ್’ ಎಂದಷ್ಟೇ ಬರೆದರೆ ಆ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆಯೋ ಸೋತಿದೆಯೋ ಗೊತ್ತಾಗುವುದಿಲ್ಲ. ಎರಡಕ್ಕೂ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ಇನ್ನು ಎದೆನೋವನ್ನು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ತಳ್ಳಿಹಾಕಿದಾಗ ಹೃದಯಾಘಾತದ ಚಿಕಿತ್ಸೆಗೆ ಸಿಗಬೇಕಾದ ಹೊತ್ತು ಕೈತಪ್ಪುತ್ತದೆ.

ಈಗ ಲ್ಯಾಬ್ ವರದಿ ನೇರವಾಗಿ ಮೊಬೈಲಿಗೇ ಬರುತ್ತದೆ. ಡಿಸ್ಚಾರ್ಜ್ ಸಮ್ಮರಿಯನ್ನು ಮನೆಮಂದಿಯೇ ಬಿಡಿಸಿ ಓದಬೇಕಾಗುತ್ತದೆ. ಪಿಯುಸಿ ಮುಗಿಸಿ ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ರೇಡಿಯಾಲಜಿ ಕೋರ್ಸುಗಳಿಗೆ ಸೇರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಬಹಳ. ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ; ಆ ಇಂಗ್ಲಿಷಿನೊಳಗೆ ಗ್ರೀಕ್ ಮತ್ತು ಲ್ಯಾಟಿನ್. ಮೊದಲ ತಿಂಗಳಲ್ಲೇ ಎಷ್ಟೋ ಮಕ್ಕಳ ಕೈಕಾಲು ಸೋಲುವುದು ಇಲ್ಲಿ. ಆ ಭಯವನ್ನು ಬಾಯಿಪಾಠದಿಂದ ಕಳೆಯಲಾಗದು. ರಟ್ಟು, ಜೇಡಿಮಣ್ಣು, ಹಳೆಯ ಸೈಕಲ್ ಟ್ಯೂಬು, ಸೀಮೆಸುಣ್ಣ ಹಿಡಿದು ಕಲಿಸಿದರೆ ಕಳೆಯಬಹುದು. ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಈ ಪದಗಳು ಇಷ್ಟು ಉದ್ದ ಏಕೆ?

ಯುರೋಪಿನ ವೈದ್ಯವಿದ್ಯೆ ಮೊದಲು ಗ್ರೀಕ್ ಭಾಷೆಯಲ್ಲಿ ಬೆಳೆಯಿತು. ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಪರಂಪರೆಯ ಬರಹಗಳು ಗ್ರೀಕ್‌ನಲ್ಲಿವೆ; ರೋಮ್‌ನಲ್ಲಿ ವೃತ್ತಿ ನಡೆಸಿದ ವೈದ್ಯ ಗೇಲನ್ ಕೂಡ ಬರೆದದ್ದು ಗ್ರೀಕ್‌ನಲ್ಲೇ. ಆಮೇಲೆ ವಿದ್ವಾಂಸರ ಭಾಷೆ ಲ್ಯಾಟಿನ್ ಆಯಿತು. 1543ರಲ್ಲಿ ದೇಹರಚನಾ ತಜ್ಞ ವೆಸೇಲಿಯಸ್ ದೇಹರಚನೆಯ ಮಹಾಗ್ರಂಥವನ್ನು ಪ್ರಕಟಿಸಿದ್ದು ಲ್ಯಾಟಿನ್‌ನಲ್ಲಿ. ಹೀಗಾಗಿ ಒಟ್ಟಾರೆಯಾಗಿ ಅಂಗಗಳ ಹೆಸರು ಲ್ಯಾಟಿನ್ ಕಡೆಗೂ ಕಾಯಿಲೆ ಮತ್ತು ಶಸ್ತ್ರಕ್ರಿಯೆಗಳ ಹೆಸರು ಗ್ರೀಕ್ ಕಡೆಗೂ ವಾಲಿದವು. ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಹುಟ್ಟಿ ಗೊಂದಲ ಹೆಚ್ಚಿದಾಗ 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ದೇಹರಚನಾ ತಜ್ಞರು ಸೇರಿ ಒಂದೇ ಪಟ್ಟಿಯನ್ನು ಒಪ್ಪಿಕೊಂಡರು. ಅದು ಹಲವು ಸಲ ಪರಿಷ್ಕಾರಗೊಂಡಿತು. 1998ರಲ್ಲಿ ಹೊಸ ಅಂತರರಾಷ್ಟ್ರೀಯ ಪಟ್ಟಿಯೇ ಬಂದಿತು.

ಒಂದೇ ಅಂಗಕ್ಕೆ ಎರಡೆರಡು ಬೇರುಗಳು ಕಾಣುವುದು ಇದರಿಂದಲೇ. ಮೂತ್ರಪಿಂಡಕ್ಕೆ ರಕ್ತ ತರುವ ನಾಳ ರೀನಲ್ ಆರ್ಟರಿ, ಆದರೆ ಮೂತ್ರಪಿಂಡದ ಉರಿಯೂತ (ಬಾವು) ನೆಫ್ರೈಟಿಸ್. ರೀನ್ ಲ್ಯಾಟಿನ್, ನೆಫ್ರ್ ಗ್ರೀಕ್. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ನಾವೂ ಕಣ್ಣೀರು ಎನ್ನುತ್ತೇವೆ, ನೇತ್ರದಾನ ಎನ್ನುತ್ತೇವೆ. ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತ.

ಸಂಧಿ ಗೊತ್ತಿದ್ದವರಿಗೆ ಅರ್ಧ ಗೊತ್ತು

ವೈದ್ಯಕೀಯ ಪದದಲ್ಲಿ ಹೆಚ್ಚೆಂದರೆ ನಾಲ್ಕು ಬಗೆಯ ತುಂಡುಗಳಿರುತ್ತವೆ. ನಡುವಿನದು ಬೇರು, ಅಂದರೆ ಧಾತು: ಯಾವ ಅಂಗ ಎಂದು ಹೇಳುತ್ತದೆ. ಗ್ಯಾಸ್ಟ್ರ್ ಎಂದರೆ ಜಠರ, ಹೆಪಾಟ್ ಎಂದರೆ ಯಕೃತ್ತು (ಲಿವರ್), ಆರ್ಥ್ರ್ ಎಂದರೆ ಕೀಲು. ಕೊನೆಯಲ್ಲಿ ಬರುವುದು ಪ್ರತ್ಯಯ: ಆ ಅಂಗಕ್ಕೆ ಏನಾಗಿದೆ ಅಥವಾ ಏನು ಮಾಡಲಾಗುತ್ತಿದೆ ಎಂದು ತಿಳಿಸುತ್ತದೆ. ಐಟಿಸ್ ಎಂದರೆ ಉರಿಯೂತ, ಸ್ಕೊಪಿ ಎಂದರೆ ಉಪಕರಣ ತೂರಿಸಿ ನೋಡುವುದು, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು, ಮೆಗಲಿ ಎಂದರೆ ಊದಿ ದೊಡ್ಡದಾಗುವುದು. ಮುಂದೆ ಬರುವುದು ಉಪಸರ್ಗ: ಎಷ್ಟು, ಎಲ್ಲಿ, ಹೇಗೆ ಎಂಬುದನ್ನು ಸೇರಿಸುತ್ತದೆ. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ, ಪೆರಿ ಎಂದರೆ ಸುತ್ತಲೂ. ನಾಲ್ಕನೆಯದು ಈ ತುಂಡುಗಳನ್ನು ಬೆಸೆಯುವ ಸ್ವರ. ಬಹುಪಾಲು ಅದು ‘ಒ’.

ಈ ಸ್ವರದ ಹತ್ತಿರ ಬಂದಾಗ ಪ್ರೌಢಶಾಲೆಯ ಕನ್ನಡ ವ್ಯಾಕರಣ ಕೈಹಿಡಿಯುತ್ತದೆ. ಗ್ಯಾಸ್ಟ್ರ್ ಎಂಬುದರ ಮುಂದೆ ಸ್ಕೊಪಿ ಬಂದರೆ ವ್ಯಂಜನಕ್ಕೆ ವ್ಯಂಜನ ಡಿಕ್ಕಿ ಹೊಡೆಯುತ್ತದೆ. ನಡುವೆ ‘ಒ’ ಬಂದು ಗ್ಯಾಸ್ಟ್ರೊಸ್ಕೊಪಿ ಆಗುತ್ತದೆ. ‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುವ ಆಗಮಸಂಧಿಯಲ್ಲಿಯೂ ಇದೇ ಕೆಲಸ ನಡೆಯುತ್ತದೆ: ಉಚ್ಚಾರಣೆ ಸಲೀಸಾಗಲು ಒಂದು ಅಕ್ಷರ ಹೊಸದಾಗಿ ಬರುತ್ತದೆ. ಪ್ರತ್ಯಯ ಸ್ವರದಿಂದಲೇ ಆರಂಭವಾದರೆ ಆ ‘ಒ’ ನಿಲ್ಲುವುದಿಲ್ಲ. ಗ್ಯಾಸ್ಟ್ರೊ ಮತ್ತು ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಂತೆ, ಇದು ಲೋಪಸಂಧಿಯ ದಾರಿ. ಒಂದು ಅಪವಾದವಿದೆ. ಎರಡು ಬೇರುಗಳು ಜೊತೆಯಾದಾಗ ಎರಡನೆಯದು ಸ್ವರದಿಂದ ಆರಂಭವಾದರೂ ‘ಒ’ ಉಳಿಯುತ್ತದೆ: ಜಠರ ಮತ್ತು ಕರುಳು ಎರಡರ ಉರಿಯೂತ ಗ್ಯಾಸ್ಟ್ರೊಎಂಟರೈಟಿಸ್. ಕನ್ನಡದಲ್ಲೂ ‘ಗುರು’ವಿಗೆ ‘ಅನ್ನು’ ಸೇರಿದಾಗ ಉಕಾರ ಲೋಪವಾಗದೆ ‘ಗುರುವನ್ನು’ ಎಂದೇ ಆಗುತ್ತದೆ, ಲೋಪ ಮಾಡಿದರೆ ಅರ್ಥ ಕೆಡುತ್ತದೆ.

ಇಷ್ಟನ್ನು ಕಪ್ಪು ಹಲಗೆಯ ಮೇಲೆ ತೋರಿಸಿದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತನ್ನ ಬಳಿ ಆಗಲೇ ಒಂದು ಸಲಕರಣೆ ಇದೆ ಎಂಬ ಧೈರ್ಯ ಬರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಈ ಪದಗಳು ಪರಕೀಯವೇ. ಸಂಧಿ ಬಿಡಿಸಿ ಅಭ್ಯಾಸವಿದ್ದವರು ಇಲ್ಲಿ ಹಿಂದೆ ಬೀಳಬೇಕಾದ ಕಾರಣವೇ ಇಲ್ಲ.

ಮದುವೆ ಕರೆಯೋಲೆಯ ರಟ್ಟಿನಿಂದ ಮೊದಲ ಪಾಠ

ಹಳೆಯ ಮದುವೆ ಆಮಂತ್ರಣಗಳನ್ನು ಕತ್ತರಿಸಿದರೆ ಗಟ್ಟಿಯಾದ ಚೀಟಿಗಳು ಸಿಗುತ್ತವೆ. ಉಪಸರ್ಗಕ್ಕೆ ಒಂದು ಬಣ್ಣ, ಬೇರಿಗೆ ಇನ್ನೊಂದು, ಪ್ರತ್ಯಯಕ್ಕೆ ಮತ್ತೊಂದು. ಒಂದು ಬದಿಯಲ್ಲಿ ಇಂಗ್ಲಿಷ್ ಕಾಗುಣಿತ, ಹಿಂಬದಿಯಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಣೆ. ಹಿಂಬದಿ ಮುಖ್ಯ, ಏಕೆಂದರೆ ಈ ಪದಗಳಲ್ಲಿ ಮೌನ ಅಕ್ಷರಗಳ ಕಾಟ ಜಾಸ್ತಿ. ನ್ಯುಮೋನಿಯಾ ಎಂಬಲ್ಲಿ ಮೊದಲ ‘ಪಿ’ ಕೇಳಿಸುವುದಿಲ್ಲ. ಡಿಸ್ಪ್ನಿಯಾದಲ್ಲಿ (ಉಸಿರಾಟದ ತೊಂದರೆ) ಮುಂದೆ ಉಪಸರ್ಗ ಬಂದೊಡನೆ ಅದೇ ಬಗೆಯ ‘ಪಿ’ ಎಚ್ಚರವಾಗುತ್ತದೆ. ಕನ್ನಡ ಲಿಪಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಚೀಟಿಗಳನ್ನು ಜೋಡಿಸುವುದಕ್ಕಿಂತ ಬದಲಿಸುವುದರಲ್ಲಿ ಕಲಿಕೆ ಹೆಚ್ಚು. ಮೇಜಿನ ಮೇಲೆ ಪೆರಿಕಾರ್ಡೈಟಿಸ್ ಇದೆ ಎನ್ನಿ. ಓದುವುದು ಬಾಲದಿಂದ: ಐಟಿಸ್, ಉರಿಯೂತ, ಆಮೇಲೆ ತಲೆ, ಪೆರಿ, ಸುತ್ತಲೂ, ಕಡೆಗೆ ನಡು, ಕಾರ್ಡಿ, ಹೃದಯ. ಹೃದಯವನ್ನು ಸುತ್ತುವರಿದ ಚೀಲದ ಉರಿಯೂತ. ಈಗ ‘ಪೆರಿ’ ತೆಗೆದು ‘ಎಂಡೊ’ ಇಟ್ಟರೆ ಉರಿಯೂತ ಹೃದಯದ ಒಳಪೊರೆಗೆ ಹೋಯಿತು. ‘ಮಯೊ’ ಇಟ್ಟರೆ ಸ್ನಾಯುವಿಗೆ ಬಂತು. ಒಂದು ಚೀಟಿ ಬದಲಾದರೆ ಕಾಯಿಲೆಯೇ ಬೇರೆ, ರೋಗಿಯ ಸ್ಥಿತಿಯೇ ಬೇರೆ. ಮೂರು ಪದಗಳನ್ನು ಮೂರು ಸಾಲಿನಲ್ಲಿ ಬರೆದು ಉರುಹೊಡೆದವರಿಗೆ ಈ ಚಲನೆ ಕಾಣುವುದೇ ಇಲ್ಲ.

ಸೈಕಲ್ ಟ್ಯೂಬಿನ ಕರುಳು

ಹೊಸಬರು ಅತಿ ಹೆಚ್ಚು ಎಡವುವ ತ್ರಿವಳಿ ಇದು: ಒಟಮಿ, ಎಕ್ಟಮಿ, ಆಸ್ಟಮಿ. ಕಿವಿಗೆ ಮೂರೂ ಒಂದೇ. ಪುಸ್ತಕದಲ್ಲಿ ಮೂರು ವ್ಯಾಖ್ಯೆಗಳಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಮೂರೂ ಕಲಸಿಹೋಗುತ್ತವೆ. ಇದನ್ನು ಕೈಯಿಂದ ಮಾಡಿಸುವುದಕ್ಕೆ ಬೇಕಾಗುವುದು ಒಂದು ಶೂ ಪೆಟ್ಟಿಗೆ, ಹಳೆಯ ಸೈಕಲ್ ಟ್ಯೂಬು, ಕತ್ತರಿ, ಅಂಟುಪಟ್ಟಿ. ಪೆಟ್ಟಿಗೆ ಹೊಟ್ಟೆ, ಮುಚ್ಚಳ ಹೊಟ್ಟೆಯ ಗೋಡೆ, ಟ್ಯೂಬು ದೊಡ್ಡ ಕರುಳು.

ಮೊದಲ ಗುಂಪು ಟ್ಯೂಬಿನಲ್ಲಿ ಒಂದು ಸೀಳು ಮಾಡಿ, ಒಳಗೆ ಇಣುಕಿ, ಮತ್ತೆ ಅಂಟಿಸುತ್ತದೆ. ಏನನ್ನೂ ತೆಗೆದಿಲ್ಲ, ಬರೀ ಕೊಯ್ದಿದೆ: ಕೊಲಾಟಮಿ. ಎರಡನೆಯ ಗುಂಪು ಗೇಣುದ್ದದ ತುಂಡನ್ನು ಕತ್ತರಿಸಿ ಹೊರಗಿಟ್ಟು, ಉಳಿದ ಎರಡು ತುದಿಗಳನ್ನು ಜೋಡಿಸುತ್ತದೆ: ಕೊಲೆಕ್ಟಮಿ. ತುದಿಗಳನ್ನು ಜೋಡಿಸುವುದು ಸುಲಭವಲ್ಲ, ಟ್ಯೂಬು ಜಾರುತ್ತದೆ, ಅಂಟು ಬಿಡುತ್ತದೆ, ನೀರು ಹಾಯಿಸಿದರೆ ಸೋರುತ್ತದೆ. ಕರುಳಿನ ಶಸ್ತ್ರಕ್ರಿಯೆಯಾದ ರೋಗಿಯ ಜೋಡಣೆಯ ಜಾಗ ಸೋರೀತೇ ಎಂದು ವೈದ್ಯರು ದಿನಗಟ್ಟಲೆ ಏಕೆ ಎಚ್ಚರದಿಂದ ನೋಡುತ್ತಾರೆ ಎಂಬುದು ಅಲ್ಲೇ ಅರ್ಥವಾಗುತ್ತದೆ.

ಮೂರನೆಯ ಗುಂಪು ಮುಚ್ಚಳದಲ್ಲಿ ರೂಪಾಯಿ ನಾಣ್ಯದಗಲದ ತೂತು ಕೊರೆದು, ಟ್ಯೂಬಿನ ತುದಿಯನ್ನು ಅದರಿಂದ ಹೊರಗೆಳೆದು, ಅಂಚನ್ನು ಮಡಿಸಿ ಸುತ್ತಲೂ ಅಂಟಿಸುತ್ತದೆ. ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಇದು ಕೊಲಾಸ್ಟಮಿ. ಗ್ರೀಕ್‌ನಲ್ಲಿ ಸ್ಟೋಮಾ ಎಂದರೆ ಬಾಯಿ. ಕರುಳಿಗೆ ಹೊಟ್ಟೆಯ ಮೇಲೊಂದು ಬಾಯಿ ಮಾಡಿಕೊಟ್ಟಂತಾಯಿತು. ಮಲ ಇನ್ನು ಮುಂದೆ ಚೀಲಕ್ಕೆ. ಪೆಟ್ಟಿಗೆಯ ಸುತ್ತ ನಿಂತ ವಿದ್ಯಾರ್ಥಿಗಳಿಂದ ಪ್ರಶ್ನೆಗಳು ತಾವಾಗಿ ಬರುತ್ತವೆ: ಚೀಲ ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು? ಸುತ್ತಲಿನ ಚರ್ಮ ಹುಣ್ಣಾಗುವುದಿಲ್ಲವೇ? ವಾಸನೆ? ಸ್ಟೋಮಾ ಕೆಂಪಗೆ ತೇವವಾಗಿದ್ದರೆ ರಕ್ತಸಂಚಾರ ಸರಿಯಿದೆ, ಕಪ್ಪಗಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು ಎಂಬ ಪಾಠವನ್ನು ಅಲ್ಲೇ ಸೇರಿಸಬಹುದು. ಪದ ಕಲಿಯಲು ಕುಳಿತವರು ಶುಶ್ರೂಷೆ ಕಲಿತು ಏಳುತ್ತಾರೆ. ಕೈಯಿಂದ ಕಲಿಸುವ ವಿಧಾನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಜೇಡಿಮಣ್ಣಿನದೂ ಇದೇ ಬಗೆಯ ಉಪಯೋಗ. ಪಕ್ಕೆಲುಬುಗಳ ಚಿತ್ರದ ಮೇಲೆ ಸಹಜ ಗಾತ್ರದ ಯಕೃತ್ತನ್ನೂ ಊದಿದ ಯಕೃತ್ತನ್ನೂ ಮಾಡಿ ಇಟ್ಟರೆ ಎರಡನೆಯದರ ಅಂಚು ಎಲುಬಿನ ಕೆಳಗೆ ಇಳಿದಿರುತ್ತದೆ. ವೈದ್ಯರು ಹೊಟ್ಟೆಯ ಬಲಭಾಗವನ್ನು ಒತ್ತಿ ‘ಉಸಿರು ಎಳೆದುಕೊಳ್ಳಿ’ ಎನ್ನುವಾಗ ಹುಡುಕುವ ಹೆಪಟೊಮೆಗಲಿ ಅದು. ಬಲೂನಿನೊಳಗೆ ನಾಲ್ಕು ಹರಳು ಹಾಕಿದರೆ ಕೋಲಿಲಿಥಿಯಾಸಿಸ್, ಪಿತ್ತಕೋಶದ ಕಲ್ಲು.

ತಮ್ಮದೇ ನಾಡಿ, ತಮ್ಮದೇ ಉಸಿರು

ಕೆಲವು ಪದಗಳಿಗೆ ಯಾವ ಸಾಮಗ್ರಿಯೂ ಬೇಡ. ವಿದ್ಯಾರ್ಥಿಗಳು ಕುಳಿತಲ್ಲೇ ನಾಡಿ ಎಣಿಸಿ ಬರೆದುಕೊಳ್ಳಲಿ. ಎರಡು ಮಹಡಿ ಹತ್ತಿ ಇಳಿದು ಬಂದು ಮತ್ತೆ ಎಣಿಸಲಿ. ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಸಹಜ. 100 ದಾಟಿದರೆ ಟ್ಯಾಕಿಕಾರ್ಡಿಯಾ, 60ಕ್ಕಿಂತ ಕಡಿಮೆಯಾದರೆ ಬ್ರಾಡಿಕಾರ್ಡಿಯಾ. ಮೆಟ್ಟಿಲು ಹತ್ತಿದ ಹಲವರಿಗೆ ಟ್ಯಾಕಿಕಾರ್ಡಿಯಾ ಬಂದಿರುತ್ತದೆ, ಯಾರಿಗೂ ಕಾಯಿಲೆ ಬಂದಿರುವುದಿಲ್ಲ. ಪದವೊಂದು ಕಂಡ ಲಕ್ಷಣವನ್ನು ಹೇಳುತ್ತದೆ, ಅದೇ ರೋಗನಿರ್ಣಯವಲ್ಲ ಎಂಬ ಸೂಕ್ಷ್ಮ ಇಷ್ಟು ಚೆನ್ನಾಗಿ ಇನ್ನಾವ ರೀತಿಯಲ್ಲೂ ತಿಳಿಯದು. ಉಸಿರಾಟಕ್ಕೂ ಹೀಗೆಯೇ: ನಿಮಿಷಕ್ಕೆ 12ರಿಂದ 20 ಸಹಜ, ಹೆಚ್ಚಾದರೆ ಟ್ಯಾಕಿಪ್ನಿಯಾ, ಕಡಿಮೆಯಾದರೆ ಬ್ರಾಡಿಪ್ನಿಯಾ, ನಿಂತರೆ ಆಪ್ನಿಯಾ.

ದಿಕ್ಕಿನ ಪದಗಳಿಗೆ ನೆಲ ಸಾಕು. ಒಬ್ಬರು ಕಂದು ಕಾಗದದ ಮೇಲೆ ಮಲಗುತ್ತಾರೆ, ಅಂಗೈ ಮೇಲ್ಮುಖವಾಗಿ. ಇನ್ನೊಬ್ಬರು ಸುತ್ತ ಗೆರೆ ಎಳೆಯುತ್ತಾರೆ. ಮೊಣಕೈ ಮಣಿಕಟ್ಟಿಗಿಂತ ಬುಡಕ್ಕೆ ಹತ್ತಿರ, ಆದ್ದರಿಂದ ಪ್ರಾಕ್ಸಿಮಲ್, ಮಣಿಕಟ್ಟು ಡಿಸ್ಟಲ್. ಎಲ್ಲಕ್ಕಿಂತ ಮುಖ್ಯವಾದ ಪಾಠ ಎಡ ಮತ್ತು ಬಲದ್ದು. ಗೋಡೆಗೆ ಅಂಟಿಸಿದ ಆ ಚಿತ್ರದ ಎಡಗೈ ನೋಡುವವರ ಬಲಕ್ಕೆ ಇರುತ್ತದೆ. ದಾಖಲೆಯಲ್ಲಿ ಎಡ ಎಂದರೆ ಯಾವಾಗಲೂ ರೋಗಿಯ ಎಡ. ತಪ್ಪು ಬದಿಗೆ ಶಸ್ತ್ರಕ್ರಿಯೆಯಾಗುವ ದುರಂತವನ್ನು ತಡೆಯಲೆಂದೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಕ್ರಿಯಾ ಸುರಕ್ಷತಾ ಪಟ್ಟಿಯಲ್ಲಿ ಕೊಯ್ಯುವ ಜಾಗಕ್ಕೆ ಗುರುತು ಹಾಕಿದೆಯೇ ಎಂದು ಖಚಿತಪಡಿಸಿಕೊಳ್ಳುವ ಹಂತವಿದೆ.

ಕೈಗೆ ಕೆಲಸ ಕೊಟ್ಟರೆ ನೆನಪು ಏಕೆ ಉಳಿಯುತ್ತದೆ?

ಮತ್ತೆ ಮತ್ತೆ ಓದಿದ್ದು ಪರಿಚಿತವೆನಿಸುತ್ತದೆ. ಪರಿಚಿತವೆನಿಸಿದ್ದು ಬಂದೇ ಬಿಟ್ಟಿತೆಂದು ಮನಸ್ಸು ನಂಬುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವನ್ನು ಪುನಃ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಪುನಃ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ ಚಟುವಟಿಕೆಯಿಂದ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚಿತ್ತು. ಇವು ವೈದ್ಯಕೀಯ ಪದಗಳ ಬಗ್ಗೆಯೇ ನಡೆದ ಅಧ್ಯಯನಗಳಲ್ಲ, ಆದರೆ ಕಲಿಯುವ ಮಿದುಳು ಅದೇ.

ಇದರಿಂದ ಶಿಕ್ಷಕರು ನೆನಪಿಡಬೇಕಾದ ಒಂದು ಸಂಗತಿ ಹೊರಡುತ್ತದೆ. ಪುಸ್ತಕ ನೋಡಿಕೊಂಡು ಚೀಟಿ ಜೋಡಿಸಿದರೆ ಅದು ಬರೀ ಕರಕುಶಲ. ಪುಸ್ತಕ ಮುಚ್ಚಿರಬೇಕು, ತಡಕಾಡಬೇಕು, ತಪ್ಪಬೇಕು, ತಪ್ಪಿದ್ದು ಕೂಡಲೇ ತಿಳಿಯಬೇಕು.

ಬಿಡಿಸಲು ಬಾರದ ಪದಗಳು

ತುಂಡು ಮಾಡಿ ಓದುವ ವಿದ್ಯೆ ಎಲ್ಲ ಕಡೆಯೂ ನಡೆಯದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಾರ್ಕಿನ್ಸನ್, ಆಲ್ಜೈಮರ್ ಮುಂತಾದವು ವೈದ್ಯರ ಹೆಸರುಗಳು. ‘ಓಮಾ’ ಬಹುತೇಕ ಗಡ್ಡೆಯನ್ನು ಸೂಚಿಸುತ್ತದೆ, ಆದರೆ ಹೆಮಟೋಮಾ ಎಂದರೆ ಹೆಪ್ಪುಗಟ್ಟಿ ನಿಂತ ರಕ್ತ, ಗ್ಲಾಕೋಮಾ ಕಣ್ಣಿನ ಕಾಯಿಲೆ. ‘ಮಯೆಲ್’ ಬೆನ್ನುಹುರಿಗೂ ಮೂಳೆಯ ಮಜ್ಜೆಗೂ ಸಲ್ಲುತ್ತದೆ. ಮಲೇರಿಯಾ ಎಂಬ ಹೆಸರಿನಲ್ಲಿ ಇರುವುದು ‘ಕೆಟ್ಟ ಗಾಳಿ’. ಅದು ಸೊಳ್ಳೆಯ ಕೆಲಸವೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಕೊಂಡ ಮೇಲೂ ಹೆಸರು ಬದಲಾಗಲಿಲ್ಲ.

ಕನ್ನಡ ಲಿಪಿಯೂ ಒಂದು ಕಡೆ ಸೋಲುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವನ್ನೂ ಸೊಂಟದ ಮೂಳೆಯನ್ನೂ ನಾವು ಇಲಿಯಮ್ ಎಂದೇ ಬರೆಯುತ್ತೇವೆ. ಇಂಗ್ಲಿಷ್ ಕಾಗುಣಿತದಲ್ಲಿ ಮೂರನೆಯ ಅಕ್ಷರ ‘ಇ’ ಆದರೆ ಕರುಳು, ‘ಐ’ ಆದರೆ ಮೂಳೆ. ಇಂಥ ಜೋಡಿಗಳಿಗೆ ಪ್ರತ್ಯೇಕ ಚೀಟಿ ಮಾಡಿ ಗೋಡೆಗೆ ಅಂಟಿಸಬೇಕು.

ಕೇಳಿಸಿಕೊಳ್ಳುವುದು, ತಿಳಿಯಹೇಳುವುದು

ಹೈಪರ್ ಮತ್ತು ಹೈಪೊ ಗದ್ದಲದ ವಾರ್ಡಿನಲ್ಲಿ ಒಂದೇ ರೀತಿ ಕೇಳಿಸುತ್ತವೆ. ಹೈಪೊಗ್ಲೈಸೀಮಿಯಾ ಆದವರಿಗೆ, ಅಂದರೆ ರಕ್ತದ ಸಕ್ಕರೆ ತೀರಾ ಇಳಿದವರಿಗೆ, ಕೂಡಲೇ ಸಕ್ಕರೆ ಬೇಕು. ಹೈಪರ್‌ಗ್ಲೈಸೀಮಿಯಾ ಎಂದು ತಪ್ಪು ತಿಳಿದು ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಇದಕ್ಕೆ ತರಗತಿಯ ಅಭ್ಯಾಸ ಸರಳ: ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳುತ್ತಾರೆ, ಹೇಳಿದವರು ‘ಹೌದು’ ಎಂದ ಮೇಲೆಯೇ ಮುಂದಿನ ಪದ. ಆಸ್ಪತ್ರೆಗಳಲ್ಲಿ ಬಾಯಿಮಾತಿನ ಸೂಚನೆಗೆ ಪಾಲಿಸಬೇಕಾದ ಕ್ರಮವೂ ಇದೇ. ಸಂಕ್ಷೇಪಗಳ ಅಪಾಯವನ್ನೂ ಇಲ್ಲೇ ತೋರಿಸಬಹುದು. ಇನ್ಸುಲಿನ್ ಪ್ರಮಾಣದ ಮುಂದೆ ಯೂನಿಟ್ ಎಂದು ಪೂರ್ತಿ ಬರೆಯದೆ ಬರೀ ‘ಯು’ ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗಬಹುದು. ಅಮೆರಿಕದ ಆಸ್ಪತ್ರೆ ಮಾನ್ಯತಾ ಸಂಸ್ಥೆ 2004ರಲ್ಲೇ ಈ ಅಕ್ಷರವನ್ನು ಬಳಸಬಾರದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ಚಟುವಟಿಕೆ ಕನ್ನಡದಲ್ಲೇ ನಡೆಯಬೇಕು. ಒಬ್ಬರು ಹಳ್ಳಿಯಿಂದ ಬಂದ ಅಜ್ಜಿಯಾಗುತ್ತಾರೆ, ಇನ್ನೊಬ್ಬರು ಹೆಪಟೈಟಿಸ್ ಎಂದರೇನೆಂದು ಹೇಳಬೇಕು. ‘ಯಕೃತ್ತಿನ ಉರಿಯೂತ’ ಎಂದರೆ ಅಜ್ಜಿಗೆ ಅದೂ ಗ್ರೀಕೇ. ‘ಕಾಮಾಲೆ’ ಎಂದರೆ ತಿಳಿಯುತ್ತದೆ, ಆದರೆ ಎಲ್ಲ ಹೆಪಟೈಟಿಸ್‌ನಲ್ಲೂ ಕಾಮಾಲೆ ಕಾಣಿಸದು. ‘ಲಿವರಿಗೆ ಬಾವು ಬಂದಿದೆ’ ಎಂಬ ಮಾತು ಈ ಎರಡು ತೊಡಕುಗಳನ್ನೂ ದಾಟಿಸುತ್ತದೆ. ಉತ್ತರ ಕರ್ನಾಟಕದಲ್ಲಿ ನೋವಿಗೆ ಬೇನೆ, ಕಾಯಿಲೆಗೆ ಜಡ್ಡು, ಕರಾವಳಿಯಲ್ಲಿ ಸೀಕು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ವಿದ್ಯಾರ್ಥಿಗಳು ಬಹಳ ಮಂದಿ ಓದುತ್ತಾರೆ. ಈ ಹೊತ್ತಿನಲ್ಲಿ ಅವರು ಕನ್ನಡ ಮಾಧ್ಯಮದ ಸಹಪಾಠಿಗಳಿಂದ ಕಲಿಯುತ್ತಾರೆ. ಪಾಠದುದ್ದಕ್ಕೂ ಹಿಂಜರಿದು ಕುಳಿತವರು ಕಲಿಸುವವರಾಗುವ ಗಳಿಗೆ ಇದು.

ಖಾಲಿ ಮಾತ್ರೆಪಟ್ಟಿಯನ್ನು ಎಸೆಯುವ ಮೊದಲು

ಔಷಧಿಗಳ ಹೆಸರಿಗೂ ಬಾಲವಿದೆ. ಔಷಧಿಯ ಮೂಲನಾಮಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಒಂದೇ ರೀತಿಯಲ್ಲಿ ಗೊತ್ತುಪಡಿಸುತ್ತದೆ; ಒಂದೇ ಬಗೆಯ ಔಷಧಿಗಳಿಗೆ ಒಂದೇ ಬಾಲ. ಮನೆಯಿಂದ ಖಾಲಿ ಮಾತ್ರೆಪಟ್ಟಿಗಳನ್ನು ತರಲು ಹೇಳಿ, ಬ್ರಾಂಡ್ ಹೆಸರನ್ನು ಬಿಟ್ಟು ಸಣ್ಣಕ್ಷರದ ಮೂಲನಾಮ ನೋಡಿ ಗುಂಪು ಮಾಡಿಸಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಒಂದು ಗುಂಪು, ಹೃದಯದ ಬಡಿತವನ್ನು ತಗ್ಗಿಸುವಂಥವು. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ರಕ್ತದೊತ್ತಡಕ್ಕೆ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಕೊಲೆಸ್ಟರಾಲಿಗೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಠರದ ಆಮ್ಲವನ್ನು ಇಳಿಸಲು, ಅಂದರೆ ಮನೆಮಾತಿನ ‘ಗ್ಯಾಸ್ಟ್ರಿಕ್ ಮಾತ್ರೆ’.

ಬಾಲ ಒಂದೇ ಎಂದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ನುಂಗುವಂತಿಲ್ಲ. ಪ್ರಮಾಣ ಬೇರೆ, ದೇಹದಲ್ಲಿ ಉಳಿಯುವ ಅವಧಿ ಬೇರೆ. ಈ ವಿಂಗಡಣೆಯಿಂದ ನೇರವಾಗಿ ಸಿಗುವ ಪ್ರಯೋಜನವೆಂದರೆ ಇಬ್ಬರು ವೈದ್ಯರು ಬರೆದುಕೊಟ್ಟ ಎರಡು ಬ್ರಾಂಡುಗಳ ಒಳಗೆ ಒಂದೇ ಮೂಲನಾಮ ಇದ್ದರೆ ಅದು ಪತ್ತೆಯಾಗುತ್ತದೆ. ಹಾಗೆ ಕಂಡುಬಂದರೆ ಎರಡೂ ಪಟ್ಟಿಗಳನ್ನು ವೈದ್ಯರ ಬಳಿಯೋ ಔಷಧಿ ಅಂಗಡಿಯ ಫಾರ್ಮಸಿಸ್ಟರ ಬಳಿಯೋ ಒಟ್ಟಿಗೆ ಒಯ್ದು ತೋರಿಸಬೇಕು.